ಒಲೆಗೆ ಹಾಕಿದ ಕಾರ್ಡು

ಶಕುನ, ದೋಷ ಎಂದರೆ ನಾನು ನಗುತ್ತಿದ್ದವಳು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ಹಲ್ಲಿ ಲೊಚಗುಟ್ಟಿತೆಂದು ನಿಂತರೆ ಮಾನ ಉಳಿಯುತ್ತದೆಯೇ? ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಇದೊಂದನ್ನು ಏನೆಂದು ತಿಳಿಯಬೇಕೋ ಗೊತ್ತಾಗದೆ ಇಷ್ಟು ವರ್ಷ ಕಳೆದಿದ್ದೇನೆ. ನೀವು ನಗುವುದಾದರೆ ನಗಿ.

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಗಾರರೇ ತುಂಬಿದ್ದ ವಠಾರದಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಅಪ್ಪ ಅಮ್ಮ ಇರಲಿಲ್ಲ. ಇದ್ದವನು ಅಣ್ಣ ಒಬ್ಬ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವನ ಬಟ್ಟೆ ಅಂಗಡಿ. ಅವನು ಗೊತ್ತುಮಾಡಿದ್ದ, ಕುಂಸಿ ಕಡೆಯ ಎರಡನೇ ಸಂಬಂಧದ ಗಂಡನ್ನು ನಾನು ಒಲ್ಲೆ ಎಂದೆ. "ಹಾಗಾದ್ರೆ ಈ ಹೊಸಲು ತುಳೀಬೇಡ" ಎಂದ. ನನಗೂ ಹಟ ಕಡಿಮೆಯೇ? ಮೂರು ವರ್ಷ ಮಾತಿರಲಿಲ್ಲ. ಹಬ್ಬದ ದಿನ ಒಬ್ಬಳಿಗಾಗಿ ಹೋಳಿಗೆ ಮಾಡಲು ಬೇಸರವಾಗಿ ಉಪ್ಪಿಟ್ಟು ತಿಂದು ಮಲಗುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಸ್ಕೂಲಿನಿಂದ ಬರುವಾಗ ಕಾಗೆಯೊಂದು ನನ್ನ ನೆತ್ತಿಗೆ ಬಡಿದು ಹೋಯಿತು. ಪಕ್ಕದ ಮನೆಯ ಪುಟ್ಟಮ್ಮ ನೋಡಿಬಿಟ್ಟಳು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆಯಂತೆ. ಅದಕ್ಕೆ ನಮ್ಮ ಕಡೆ ಪರಿಹಾರವೂ ಉಂಟು. ಕಾಗೆ ಮುಟ್ಟಿದವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ತಿಳಿದು ಅತ್ತರೆ ದೋಷ ಕಳೆಯಿತು.

"ಇವತ್ತೇ ಒಂದು ಕಾರ್ಡ್ ಹಾಕಿಸಿಬಿಡಿ ಟೀಚರಮ್ಮ. ನಿಮ್ಮೋರು ಯಾರಾದ್ರೂ ಒಂದ್ಸಲ ಅತ್ರೆ ಸಾಕು."

"ಸುಮ್ನಿರೇ ಮಾರಾಯ್ತಿ, ನಂಗೆ ಅಳೋರು ಯಾರಿದಾರೆ?" ಎಂದು ನಕ್ಕೆ.

ಬಾಗಿಲು ಹಾಕಿಕೊಂಡ ಮೇಲೆ ಆ ಮಾತು ನನ್ನನ್ನೇ ಚುಚ್ಚತೊಡಗಿತು. ಅಣ್ಣ ಅಳುತ್ತಾನೆಯೇ? ತಿಳಿಯಲೇಬೇಕು ಎನಿಸಿತು. ಕಾರ್ಡು ತೆಗೆದು, ಅಕ್ಷರ ಬದಲಾಯಿಸಿ, ಬೇರೆ ಯಾರೋ ಬರೆದಂತೆ ಬರೆದೆ: "ನಿಮ್ಮ ತಂಗಿ ತೀರಿಕೊಂಡರು. ಕೊನೆಗೆ ನಿಮ್ಮನ್ನೇ ಕೇಳಿದರು." ಒಮ್ಮೆ ಓದಿಕೊಂಡೆ. ಛೀ, ಎಂಥ ಹೆಂಗಸು ನಾನು ಎಂದುಕೊಂಡು ಅದನ್ನು ಒಲೆಗೆ ಹಾಕಿದೆ. ಪೂರ್ತಿ ಬೂದಿಯಾಗುವವರೆಗೂ ನೋಡಿದೆ. ಆದರೆ ಅಣ್ಣನನ್ನು ನೋಡುವ ಆಸೆ ಹೋಗಲಿಲ್ಲ. ಬೈದರೆ ಬೈಯಲಿ ಎಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದೆ.

ಇಳಿದರೆ, ಅಣ್ಣ ಬಸ್ ನಿಲ್ದಾಣದಲ್ಲೇ ನಿಂತಿದ್ದ. ಇಸ್ತ್ರಿ ಅಂಗಿಯಿಲ್ಲದೆ ಹೊರಗೆ ಕಾಲಿಡದವನು ಒದ್ದೆ ತಲೆಯಲ್ಲಿ, ಬರಿಗಾಲಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದ. ನನ್ನನ್ನು ಕಂಡವನೇ ನೆಲದ ಮೇಲೆ ಕೂತುಬಿಟ್ಟ. ಸುತ್ತ ಜನ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತ.

"ಬೆಳಿಗ್ಗೆ ಯಾರೋ ಸೈಕಲ್ ಮೇಲೆ ಬಂದಿದ್ದ ಕಣೇ. ಖಾಕಿ ಅಂಗಿ. ನಿಮ್ಮ ತಂಗಿ ತೀರ್ಕೊಂಡ್ರು, ಕೊನೆಗೆ ನಿಮ್ಮನ್ನೇ ಕೇಳಿದ್ರು ಅಂದ. ನಾನು ಬಾಯಿ ಬಿಡೋದ್ರೊಳಗೆ ಹೊರಟೇಹೋದ."

ಪುಟ್ಟಮ್ಮನದೇ ಕೆಲಸವೆಂದು ಸಂಜೆ ವಠಾರಕ್ಕೆ ಮರಳಿ ಅವಳ ಮೇಲೆ ಜಗಳ ತೆಗೆದೆ. ಅವಳು ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದಳು. ನನಗೊಬ್ಬ ಅಣ್ಣನಿದ್ದಾನೆಂಬುದೇ ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ, ಬಾಗಿಲು ಹಾಕಿಕೊಂಡು ಬರೆದು ಸುಟ್ಟ ಆ ಎರಡು ಸಾಲು ಯಾರಿಗೆ ಹೇಗೆ ಸಿಕ್ಕಿತು?

ಕಾರ್ಡಿನ ವಿಷಯ ಅಣ್ಣನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. "ಅವನು ಯಾರಿರಬಹುದೇ?" ಎಂದು ಆಗಾಗ ಕೇಳುತ್ತಿದ್ದ. ಗೊತ್ತಿಲ್ಲ ಎನ್ನುತ್ತಿದ್ದೆ. ಅಷ್ಟು ಮಾತ್ರ ನಿಜ. ಇಂದಿಗೂ ನನಗೆ ಗೊತ್ತಿಲ್ಲ.

ಆಮೇಲೆ ನಾಲ್ಕು ವರ್ಷ ಹಬ್ಬಕ್ಕೆಲ್ಲ ಕರೆಸಿಕೊಂಡ. ಐದನೆಯ ವರ್ಷ, ದೀಪಾವಳಿಗೆ ಸೀರೆ ತೆಗೆದಿಟ್ಟಿದ್ದೇನೆಂದು ಕಾಗದ ಬರೆದ ಮರುದಿನವೇ, ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವನು ಅಲ್ಲೇ ಕುಸಿದು ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ. ಅತ್ತಿಗೆ ತವರು ಸೇರಿದಳು.

ಈಗ ನಾನು ಹೋದರೆ ಅಳುವವರು ಯಾರೂ ಉಳಿದಿಲ್ಲ. ಅಳಬೇಕಾಗಿದ್ದವನು ಆ ಭಾನುವಾರವೇ ಅತ್ತು ಮುಗಿಸಿದ್ದಾನೆ.