ಮಾರ್ಜರಿಯ ಪೊರಕೆ ನಿಂತಾಗ

ಟೈನ್ ನದಿಯ ಮೇಲೆ ಇನ್ನೂ ಮಂಜು ಕವಿದಿದೆ. ನ್ಯೂಕ್ಯಾಸಲ್ಲಿನ ಸ್ಯಾಂಡ್‌ಗೇಟ್ ಕೇರಿಯ ದಡಕ್ಕೆ ಖಾಲಿ ದೋಣಿಯೊಂದು ತಾಗಿದ್ದೇ ತಡ, ಮಾರ್ಜರಿ ಹೆಸ್ಲಪ್ ಲಂಗ ಎತ್ತಿ ಕಟ್ಟಿ ಒಳಗೆ ಧುಮುಕುತ್ತಾಳೆ. ತಳಕ್ಕೆ ಅಂಟಿದ ಕಲ್ಲಿದ್ದಲ ಪುಡಿಯನ್ನೂ ಕೆಸರನ್ನೂ ಸಲಿಕೆಯಿಂದ ಕೆರೆದು, ಪೊರಕೆಯಿಂದ ಬಳಿಯುತ್ತಾಳೆ.

"ಏನ್ರೋ, ಇದ್ದಲು ಸಾಗಿಸ್ತೀರೋ, ಇಲ್ಲ ನದೀನೇ ಹೊತ್ಕೊಂಡು ಬರ್ತೀರೋ?" ಎಂದು ದೋಣಿಯವರನ್ನು ಬೈಯುತ್ತಾಳೆ. ಅವರಲ್ಲಿ ಗಂಡ ಕತ್‌ಬರ್ಟನೂ ಒಬ್ಬ. ಅವನು ಸುಮ್ಮನೆ ನಗುತ್ತಾನೆ. ಎದುರಾಡುವ ಧೈರ್ಯ ಮದುವೆಯಾದ ವರ್ಷವೇ ಹೋಗಿದೆ.

ಅವಳ ಅಜ್ಜಿಯ ಕಾಲಕ್ಕೆ ಲಂಡನ್ನಿನವರು ಕಟ್ಟಿಗೆ ಉರಿಸುತ್ತಿದ್ದರಂತೆ. ಕಾಡು ಬರಿದಾಗಿ ಕಟ್ಟಿಗೆಯ ಬೆಲೆ ಗಗನಕ್ಕೇರಿತು. ಈಗ ಅಲ್ಲಿನ ಬಿಯರು, ಸಾಬೂನು, ಗಾಜು, ಸಕ್ಕರೆ ಎಲ್ಲಕ್ಕೂ ಇಲ್ಲಿನ ಗಣಿಗಳ ಇದ್ದಲೇ ಆಗಬೇಕು. ಅದನ್ನು ನದಿ ಸಮುದ್ರ ಸೇರುವಲ್ಲಿ ನಿಂತ ಹಡಗುಗಳಿಗೆ ಮುಟ್ಟಿಸುವುದು ಈ ದೋಣಿಗಳು. ದೇಶ ಬೆಳೆಯುತ್ತಿದೆ ಎಂದು ಕೊಂಡಾಡುವವರು ವ್ಯಾಪಾರಿಗಳನ್ನು ಹೊಗಳುತ್ತಾರೆ, ಅಪರೂಪಕ್ಕೆ ಗಣಿಯವನನ್ನೂ ನೆನೆಯುತ್ತಾರೆ. ದೋಣಿ ಗುಡಿಸುವವಳ ಸುದ್ದಿಗೆ ಯಾರೂ ಹೋಗುವುದಿಲ್ಲ. ಅವಳಿಗೆ ಕೈಗೆ ಸಿಗುವ ಕೂಲಿಯೂ ಇಲ್ಲ. ಗುಡಿಸಿದ ಪುಡಿಯೇ ಕೂಲಿ. ಅದರಲ್ಲಿ ಸ್ವಲ್ಪ ಮಾರಿ ಓಟ್ಸ್ ಹಿಟ್ಟು, ಉಪ್ಪುಮೀನು ತರುತ್ತಾಳೆ. ಉಳಿದದ್ದು ಮನೆಯ ಒಲೆಗೆ. ಅವಳ ತಾಯಿ ಬದುಕಿದ್ದೂ ಹೀಗೆಯೇ.

ಹೋದ ತಿಂಗಳು ಆ ಪುಡಿಯ ಮೇಲೂ ಕಣ್ಣು ಬಿತ್ತು. ವ್ಯಾಪಾರಿಯೊಬ್ಬನ ಹೊಸ ಮೇಸ್ತ್ರಿ ಪ್ರಿಂಗಲ್ ದಡದ ಮೇಲೆ ನಿಂತು, "ದೋಣೀಲಿರೋ ಪುಡೀನೂ ಧಣಿಗಳದ್ದೇ. ಗುಡಿಸಿ ಇಲ್ಲಿ ರಾಶಿ ಹಾಕಿ. ಮನೆಗೆ ಒಯ್ದವರು ಕಳ್ಳರು!" ಎಂದು ಸಾರಿದ.

"ಹಾಗಾದ್ರೆ ಧಣಿಗಳೇ ಬಂದು ಗುಡಿಸ್ಲಿ ಸ್ವಾಮಿ" ಎಂದಳು ಮಾರ್ಜರಿ. ಪೊರಕೆಯನ್ನು ಅವನ ಕಾಲ ಬುಡದಲ್ಲಿಟ್ಟು ಮನೆಗೆ ನಡೆದಳು. ಕೇರಿಯ ಹೆಂಗಸರೆಲ್ಲ ಅವಳ ಹಿಂದೆಯೇ ಎದ್ದರು. ಗಂಡಸರಂತೂ ಪೊರಕೆ ಮುಟ್ಟಲಿಲ್ಲ. ಮುಟ್ಟಿದ್ದರೆ ಮನೆಯಲ್ಲಿ ಗಂಜಿ ಹುಟ್ಟುತ್ತಿರಲಿಲ್ಲ.

ಸ್ಯಾಂಡ್‌ಗೇಟಿನ ಒಲೆಗಳು ಆರಿದವು. ಕತ್‌ಬರ್ಟ್ ಒದ್ದೆ ಬಟ್ಟೆಯಲ್ಲೇ ಮುದುಡಿ ಮಲಗಿ, "ಸೋತುಬಿಡೋಣ ಕಣೆ. ಅಮ್ಮ ನಡುಗ್ತಿದಾಳೆ ನೋಡು" ಎಂದ.

"ನಡುಗೋಳು ನಾನು. ನಿಂಗೇನೋ ಕಷ್ಟ?" ಎಂದು ಕಂಬಳಿಯೊಳಗಿಂದಲೇ ಗದರಿದಳು ಮುದುಕಿ. "ಆ ಮೇಸ್ತ್ರಿ ಮುಂದೆ ಮಾತ್ರ ಬಗ್ಗಬೇಡ ಸೊಸೆ."

"ಬಗ್ಗಲ್ಲ ಅತ್ತೆ. ಇನ್ನೆರಡು ದಿನ ತಡ್ಕೊಳ್ಳಿ, ಮೊಳೆ ತಾನೇ ಮಾತಾಡ್ತದೆ."

ಪ್ರತಿ ದೋಣಿಯ ಪಕ್ಕಕ್ಕೂ ಸರ್ಕಾರದವರು ಹೊಡೆಸಿದ ಮೊಳೆ ಇದೆ. ಇದ್ದಲು ತುಂಬುತ್ತ ಮೊಳೆ ನೀರಿಗೆ ತಾಗಿತೋ, ಹೊರೆ ಪೂರ್ತಿಯಾಯಿತು ಎಂದರ್ಥ. ಆಮೇಲೆ ಒಂದು ಸಲಿಕೆಯನ್ನೂ ಹಾಕುವಂತಿಲ್ಲ. ಗುಡಿಸದ ದೋಣಿಗಳಲ್ಲಿ ಹಳೆಯ ಪುಡಿ, ಕೆಸರು ಗಟ್ಟಿಯಾಗಿ ಕೂತು, ಮೊಳೆ ಬೇಗಬೇಗ ನೀರು ಮುಟ್ಟತೊಡಗಿತು. ಹಡಗಿಗೆ ಸೇರುವ ಇದ್ದಲು ದಿನೇದಿನೇ ಇಳಿಯಿತು. ಕೊನೆಗೆ ಹಡಗಿನ ಯಜಮಾನನೊಬ್ಬ ದಡಕ್ಕೇ ಬಂದು ಪ್ರಿಂಗಲ್‌ನ ಜನ್ಮ ಜಾಲಾಡಿದ: "ನನ್ನ ಅರ್ಧ ಹಡಗು ಖಾಲಿ! ಲಂಡನ್ನಿಗೆ ಗಾಳಿ ತುಂಬ್ಕೊಂಡು ಹೋಗ್ಲೇನಯ್ಯಾ?"

ಮರುದಿನ ಬೆಳಿಗ್ಗೆ ಪ್ರಿಂಗಲ್ ಮಾರ್ಜರಿಯ ಬಾಗಿಲಲ್ಲಿ ನಿಂತಿದ್ದ.

"ಪುಡಿ ನಿಮ್ಮದೇ ತಾಯಿ. ಕೆಲಸಕ್ಕೆ ಬನ್ನಿ."

"ಇಲ್ಲಿ ಪಿಸುಗುಟ್ಟಿದ್ರೆ ಆಗಲ್ಲ. ಕಳ್ಳರು ಅಂದಿದ್ದು ದಡದ ಮೇಲೆ ತಾನೇ? ಇದನ್ನೂ ಅಲ್ಲೇ ಹೇಳಿ."

ಅವನು ದಡದ ಮೇಲೆ ನಿಂತು, ಟೋಪಿ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದ. ಕೇರಿಗೆ ಕೇರಿಯೇ ಕೇಕೆ ಹಾಕಿತು. ಅಂಥ ಖುಷಿಯನ್ನು ಈ ದಡ ಕಂಡು ಎಷ್ಟು ಕಾಲವಾಗಿತ್ತೋ! ಹೆಂಗಸರು ಹಾಡುತ್ತ ದೋಣಿಗಿಳಿದರು.

ಈಗ ಮಾರ್ಜರಿ ತುಂಬಿದ ಬುಟ್ಟಿಯನ್ನು ಮೇಸ್ತ್ರಿಯ ಕಿಟಕಿಯ ಮುಂದೆಯೇ ಹೊತ್ತು ಮನೆಗೆ ಬರುತ್ತಾಳೆ. ಕಾಲು ಚಾಚಿ ಬೆಂಕಿ ಕಾಯಿಸುತ್ತಿರುವ ಅತ್ತೆಯ ಪಕ್ಕ ಕೂತು ಕೈ ಒರೆಸಿಕೊಳ್ಳುತ್ತಾಳೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ನಗುತ್ತಾಳೆ.

"ನಂಗೇನ್ ಆಸೆ? ಲಂಡನ್ನಿನವ್ರು ಬೆಚ್ಚಗಿರ್ಲಿ ಪಾಪ. ಆದ್ರೆ ಅವ್ರ ಒಲೆ ಉರೀಬೇಕು ಅಂದ್ರೆ, ಮೊದ್ಲು ನನ್ನ ಒಲೆ ಉರೀಬೇಕು."