ಮೋಡ ಕವಿದಾಗ ಕೇಳುವ ದನಿ

ಓಲೆಯ ಭಾರಕ್ಕೆ ಜೋತು ಹರಿದಿದ್ದ ಎಡಗಿವಿಯ ಹತ್ತಿರ ತೆಂಗಿನಕಾಯಿ ಹಿಡಿದು ಅಜ್ಜಿ ಅಲ್ಲಾಡಿಸುತ್ತಿದ್ದರು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಸುಲಿಯುವವರ ಕಡೆಗೆ, ಇಲ್ಲವಾದರೆ ವಾಪಸು ಅಟ್ಟಕ್ಕೆ. ಎಪ್ಪತ್ತರ ದಶಕದಲ್ಲಿ ಮಾಯಸಂದ್ರಕ್ಕೆ ಟೀಚರಾಗಿ ಹೋದ ನನಗೆ ಕೋಣೆ ಬಾಡಿಗೆಗೆ ಕೊಟ್ಟ ಅಜ್ಜಿ ಅವರು. ನನ್ನ ಸಾರು ತಳ ಹಿಡಿಯುತ್ತಿದೆಯೆಂದು ಕುದಿಯುವ ಸದ್ದಿನಲ್ಲೇ ತಿಳಿದು ಗೋಡೆಯಾಚೆಯಿಂದ ಕೂಗುತ್ತಿದ್ದರು. ಅಂಥ ಕಿವಿಯ ಪಕ್ಕ ಸಂಸಾರ ಮಾಡುವುದು ಸುಲಭವಲ್ಲ.

ಆ ಕಿವಿಯೇ ಅವರಿಗೆ ಮುಳುವಾಯಿತು. ಕಾರ್ತಿಕದಲ್ಲಿ ಮೋಡ ಕವಿದ ರಾತ್ರಿ ಮನೆಯ ಮೇಲೆ ಯಾರೋ ಮಾತಾಡಿಕೊಂಡು ಹೋಗುತ್ತಾರೆ ಅನ್ನತೊಡಗಿದರು. ಅವರ ಮಗ ಎದ್ದು ಹೊರಗೆ ಬರುವಷ್ಟರಲ್ಲಿ ಸದ್ದಿಲ್ಲ. ಆಕಾಶ ತಿಳಿಯಾದ ರಾತ್ರಿ ಅವರಿಗೂ ಏನೂ ಕೇಳಿಸುತ್ತಿರಲಿಲ್ಲ. ಮೋಡ ಬಂದರೆ ಅವ್ವನಿಗೆ ಗಾಳಿ ಸೋಕುತ್ತದೆಂದು ತೀರ್ಮಾನಿಸಿದ ಮಗ ತಾಯತ ಕಟ್ಟಿಸಿದ. ಕಾಯಿ ನೋಡುವ ಕೆಲಸವನ್ನೂ ಬಿಡಿಸಿ ಹೆಂಡತಿಗೆ ಕೊಟ್ಟ.

ಒಂದು ಸಂಜೆ ಅಜ್ಜಿ ನನ್ನ ಹೊಸ್ತಿಲ ಬಳಿ ಕೂತು, "ಟೀಚರಮ್ಮ, ನಂಗೆ ತಲೆ ಕೆಡ್ತಾ ಐತಾ? ನಿಜ ಹೇಳ್ಬುಡವ್ವ" ಅಂದರು.

ವಾರದೊಳಗೆ ಸೈಕ್ಲೋನ್ ಮೋಡ ತೆಂಗಿನ ಸುಳಿಗೆ ತಾಗುವಷ್ಟು ಕೆಳಗಿಳಿದು ರಾತ್ರಿಯೆಲ್ಲ ಜಡಿಮಳೆ ಹಿಡಿಯಿತು. ಬೆಳಿಗ್ಗೆ ಮಳೆ ಬಿಟ್ಟ ಮೇಲೆ ಬಟ್ಟೆ ಒಗೆಯಲು ನಾವಿಬ್ಬರೂ ಕೆರೆಗೆ ಹೊರಟೆವು; ಎತ್ತು ಹೊಡೆದುಕೊಂಡು ಮಗನೂ ಜೊತೆಗಿದ್ದ. ಏರಿ ಹತ್ತುವ ಮೊದಲೇ ಅಜ್ಜಿ ನಿಂತುಬಿಟ್ಟರು. ಹತ್ತಿ ನೋಡಿದರೆ ಆಚೆ ನೀರಿನಂಚಿನಲ್ಲಿ, ತಲೆಗೆ ಕಪ್ಪು ಪಟ್ಟೆಯಿದ್ದ ಬೂದು ಹೆಬ್ಬಾತುಗಳ ಹಿಂಡು ಒಂದೇ ಸಮನೆ ಗಲಾಟೆ ಮಾಡುತ್ತಿತ್ತು.

"ಇವೇ ಕಣವ್ವ ಮಾತಾಡ್ತಿದ್ದಿದ್ದು" ಎಂದವರೇ ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ನನಗೆ ಆಗ ಹೊಳೆಯಿತು. ಉತ್ತರದಿಂದ ಚಳಿಗಾಲಕ್ಕೆ ಬರುವ ಈ ಹಕ್ಕಿಗಳು ರಾತ್ರಿಯೂ ಹಾರುತ್ತವೆ, ತಿಳಿ ಆಕಾಶದಲ್ಲಿ ದನಿ ಕೇಳಿಸದಷ್ಟು ಎತ್ತರದಲ್ಲಿ, ಮೋಡ ಕವಿದರೆ ತಗ್ಗಿನಲ್ಲಿ, ಮಳೆ ಜೋರಾದರೆ ಇಳಿದೇಬಿಡುತ್ತವೆ ಎಂದು ಮಗನಿಗೆ ವಿವರಿಸಿದೆ. ಮನೆಗೆ ಬಂದವನೇ ಅಟ್ಟ ಹತ್ತಿ ಕಾಯಿ ಇಳಿಸಿ ಅವ್ವನ ಮುಂದೆ ಸುರಿದ.

ಮುಂದೆ ನನಗೆ ತಿಪಟೂರಿಗೆ ವರ್ಗವಾಯಿತು. ಹಲವು ವರ್ಷಗಳ ಮೇಲೆ ನೋಡಲು ಹೋದಾಗ ಅಜ್ಜಿಗೆ ಎರಡೂ ಕಿವಿ ಪೂರಾ ಹೋಗಿದ್ದವು. ಅವತ್ತು ರಾತ್ರಿಯೂ ಮೋಡ. ಊಟಕ್ಕೆ ಕೂತಿದ್ದ ಮಗ ತಟ್ಟನೆ ಎದ್ದು ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತ. ಒಳಗೆ ಬಂದು ಅವ್ವನ ಕೈ ಹಿಡಿದು ಮೇಲೆ ತೋರಿಸಿದ. "ಬಂದ್ವಾ?" ಎಂದು ಅಜ್ಜಿ ನಕ್ಕರು.

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಮೋಡ ಕವಿದ ರಾತ್ರಿ ಮಗ ಈಗಲೂ ಅಂಗಳಕ್ಕೆ ಬಂದು ನಿಲ್ಲುತ್ತಾನಂತೆ. ಹಕ್ಕಿ ಹೋದ ಮೇಲೆ ಬೇಗ ಒಳಗೆ ಹೋಗುವುದಿಲ್ಲವಂತೆ.