ಸಿಮೆಂಟ್ ಕಳಶದ ಸುತ್ತ

ನಮ್ಮ ಮನೆಯವರು ಎಲ್ಲಿಗೇ ಹೋಗಲಿ, ಅವ್ವನಿಗೆ ಒಂದೇ ಕೆಲಸ: ಸಾಮಾನು ಕಾಯುವುದು. ನಾವು ಕಪಿಲೆಯಲ್ಲಿ ಮುಳುಗಿ ಏಳುವಾಗ ಅವಳು ಮೆಟ್ಟಿಲ ಮೇಲೆ ಬಟ್ಟೆಗಂಟಿನ ಜೊತೆ. ನಾವು ಸಂಗಮದಲ್ಲಿ ತೆಪ್ಪ ಹತ್ತಿದರೆ ಅವಳು ದಡದಲ್ಲಿ ಬುತ್ತಿಯ ಜೊತೆ. ನಾನು ಪದವಿ ತೆಗೆದುಕೊಂಡ ದಿನವೂ ಅಷ್ಟೇ. ನಮ್ಮ ವಂಶದಲ್ಲಿ ಮೊದಲನೆಯ ಡಿಗ್ರಿ ಅದು. ನಾನು ಗೌನು ಹಾಕಿಕೊಂಡು ವೇದಿಕೆ ಹತ್ತಿದೆ. ಡೇರಿಗೆ ಹಾಲು ಹಾಕಿ, ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ನನ್ನನ್ನು ಓದಿಸಿದವಳು ಹೊರಗೆ ಮರದಡಿ ಚೀಲಗಳ ನಡುವೆ ಕೂತಿದ್ದಳು. ಎಷ್ಟು ಕರೆದರೂ ಏಳಲಿಲ್ಲ. "ನೀನ್ ಓಗು ಕೂಸೆ, ಸಾಮಾನ್ ಯಾರ್ ನೋಡ್ಕಂಡಾರು?" ಅಂದಳು.

ಈಗ ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ, ತಿ. ನರಸೀಪುರದ ಕಡೆಯ ರಸ್ತೆಯಲ್ಲಿ ಹೊಸದಾಗಿ ಶುರುವಾದ ಮೇಜ್ ಪಾರ್ಕಿಗೆ, ಅಂದರೆ ಚಕ್ರವ್ಯೂಹದಂಥ ತೋಟಕ್ಕೆ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟೆ. ಹೊರಡುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ, ಈ ಸಲ ಅವ್ವ ಒಳಗೆ ಬರಬೇಕು, ಕೊನೆಯವರೆಗೂ ಬರಬೇಕು.

ಆ ಪಾರ್ಕಿನಲ್ಲಿ ಆಳಿಗಿಂತ ಎತ್ತರದ ಗಿಡಗಳನ್ನು ಗೋಡೆಯ ಹಾಗೆ ಕತ್ತರಿಸಿ ನಿಲ್ಲಿಸಿದ್ದಾರೆ. ಗೋಡೆಗಳ ನಡುವೆ ಓಣಿಗಳು. ಅರ್ಧಕ್ಕರ್ಧ ಓಣಿಗಳು ಮುಂದೆ ಮುಚ್ಚಿಕೊಂಡಿರುತ್ತವೆ. ನಟ್ಟನಡುವೆ ಒಂದು ಗೋಪುರವಿದೆ. ದಾರಿ ಹುಡುಕಿಕೊಂಡು ಹೋಗಿ ಅದನ್ನು ಹತ್ತಬೇಕು, ಆಟ ಅಷ್ಟೇ. ಅತ್ತಿಗೆ ಮತ್ತು ಮಕ್ಕಳು ಗಾಡಿ ಇಳಿದವರೇ ಒಳಗೆ ಓಡಿಹೋದರು. ಅಣ್ಣ ಹೊಂಗೆ ಮರದ ಕೆಳಗೆ ಜಮಖಾನ ಹಾಸಿ ಅವ್ವನಿಗೆ ಜಾಗ ತೋರಿಸಿದ.

"ಅವ್ವ, ನೀ ಇಲ್ಲಿ ಕುಂತ್ಕೊ. ನಾವ್ ಬಿರ್ನೆ ಬಂದ್ಬುಡ್ತೀವಿ."

"ಇವತ್ತು ನೀನು ಕೂತ್ಕೊ ಅಣ್ಣ," ಅಂದೆ.

"ಏನಮ್ಮ ಮೇಷ್ಟ್ರಮ್ಮ, ಅವ್ವನ ಮಂಡಿ ನೋವು ಮರ್ತೋಯ್ತಾ? ಬಿಸ್ಲಲ್ಲಿ ಬಿದ್ಗಿದ್ರೆ?"

"ನಾನ್ ಹಿಡ್ಕೊಂಡಿರ್ತೀನಿ."

ಅವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡಿ, ಅದೇನಿದ್ದದೋ ನೋಡ್ಕಂಡೇ ಬರವ" ಅಂದಳು.

ಒಳಗೆ ಕಾಲಿಟ್ಟು ತಲೆ ಎತ್ತಿದ ಕೂಡಲೇ ನಿಂತುಬಿಟ್ಟಳು. ಗೋಪುರದ ತುದಿಯಲ್ಲಿ ಚೆಂದಕ್ಕೆಂದು ಒಂದು ಸಿಮೆಂಟ್ ಕಳಶ ಇಟ್ಟು ಚಿನ್ನದ ಬಣ್ಣ ಬಳಿದಿದ್ದರು. ಅವ್ವ ಕೈ ಮುಗಿದಳು.

"ಅವ್ವಾ, ಅದು ಗುಡಿ ಅಲ್ಲ."

"ಸಿಮೆಂಟಾದ್ರೇನು, ಕಳಸ ಕಳಸಾನೇ."

ಅಲ್ಲಿಂದ ಶುರುವಾಯಿತು. ಓಣಿ ಒಡೆದಲ್ಲೆಲ್ಲ ಅವ್ವ ಗೋಪುರವನ್ನು ಬಲಗಡೆಗೆ ಇಟ್ಟುಕೊಂಡೇ ತಿರುಗುತ್ತಿದ್ದಳು, ಗುಡಿಯಲ್ಲಿ ಪ್ರದಕ್ಷಿಣೆ ಬರುವಂತೆ. ಎಡಕ್ಕೆ ಬಿಟ್ಟುಕೊಂಡು ನಡೆಯುವುದು ಅಪಚಾರವಂತೆ. ಸರಿ ಎಂದು ಹಿಂದೆ ಹೋದೆ. ಒಡೆದ ಹೂಕುಂಡವೊಂದು ಸಿಕ್ಕಿತು. ನಡೆದೆವು, ನಡೆದೆವು, ಅದೇ ಹೂಕುಂಡ ಮತ್ತೆ ಸಿಕ್ಕಿತು. ಪ್ರದಕ್ಷಿಣೆ ಬಂದರೆ ಇನ್ನೇನಾಗುತ್ತದೆ!

"ಇನ್ನು ನಾನ್ ಹೇಳ್ದಂಗೆ ಕೇಳು," ಅಂದೆ. ಒಂದೇ ಕೈಯನ್ನು ಗೋಡೆಗೆ ತಾಗಿಸಿಕೊಂಡು, ಅದನ್ನು ಬಿಡದೆ ನಡೆದರೆ ದಾರಿ ತಪ್ಪುವುದಿಲ್ಲವೆಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೆ. ಎಡಗೈಯಲ್ಲಿ ಗಿಡ ಸವರುತ್ತ, ಬಲಗೈಯಲ್ಲಿ ಅವ್ವನ ತೋಳು ಹಿಡಿದು ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅವ್ವನ ಕುಪ್ಪಸ ಬೆವರಿಗೆ ಬೆನ್ನಿಗಂಟಿತ್ತು. ಕೊನೆಯ ತಿರುವು ದಾಟಿದರೆ ಎದುರಿಗೆ ಹೊಂಗೆ ಮರ, ಕಾಲು ಚಾಚಿಕೊಂಡು ಕೂತ ಅಣ್ಣ. ನಾವು ಒಳಗೆ ಹೋದ ಬಾಗಿಲಿಗೇ ನನ್ನ ಗಣಿತ ನಮ್ಮನ್ನು ತಂದು ನಿಲ್ಲಿಸಿತ್ತು. ಗೋಪುರದ ಸುತ್ತಲಿನ ಗೋಡೆ ಹೊರಗೋಡೆಗೆ ಕೂಡಿಕೊಂಡಿರದಿದ್ದರೆ ಈ ಉಪಾಯ ನಡೆಯದು. ಅದು ಆಗ ಹೊಳೆಯಲಿಲ್ಲ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಮ್ಮೆಸ್ಸಿ ಓದ್ದೋಳ್ಗೆ ಇಷ್ಟೇ ದಾರಿ ಗೊತ್ತಾ? ಬಾರವ್ವ, ಕುಂತ್ಕೊ. ನಿನ್ ಕೈಲಾಗಕಿಲ್ಲ ಅಂತ ನಾನು ಆಗ್ಲೇ ಹೇಳ್ನಿಲ್ವಾ?"

ಅವ್ವ ಜಮಖಾನದ ಹತ್ತಿರ ಹೋದಳು. ಅವಳು ಕೂತರೆ ಮತ್ತೆ ಏಳುವುದಿಲ್ಲ ಎಂಬುದು ನನಗೆ ಗೊತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಬಗ್ಗಿ ನೀರಿನ ಬಾಟಲಿ ತೆಗೆದುಕೊಂಡು, ನಿಂತೇ ಗಟಗಟ ಕುಡಿದು, ಅಣ್ಣನ ತೊಡೆಯ ಮೇಲೆ ಎಸೆದಳು.

"ನಿನ್ ಹೆತ್ತ್ ಮೂರ್ ದಿನಕ್ಕೆ ಕಳೆ ಕೀಳಕ್ಕೋದೋಳು ಕಣ್ಲಾ ನಾನು. ಕೈಲಾಗಕಿಲ್ವಂತೆ! ಬಾ ಮಗ."

ಎರಡನೆಯ ಸಲ ಒಳಗೆ ಹೋದಾಗ ಅವಳದ್ದೂ ನಡೆಯಲಿಲ್ಲ, ನನ್ನದೂ ನಡೆಯಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು. ನಾವು ಕಾಲಿಡದ ಓಣಿ ಯಾವುದು ಎಂದು ಯೋಚಿಸಿದೆವು. ಹೂಕುಂಡದ ಪಕ್ಕದಲ್ಲೇ ಒಂದಿತ್ತು. ಅದು ಗೋಪುರಕ್ಕೆ ಪೂರ್ತಿ ಬೆನ್ನು ಮಾಡಿ ಹೊರಗಡೆಗೆ ಹೋಗುತ್ತಿದ್ದುದರಿಂದ ಅವ್ವ ಬಿಟ್ಟಿದ್ದಳು, ಬಲಗಡೆ ಇದ್ದುದರಿಂದ ಎಡಗೋಡೆ ಹಿಡಿದ ನಾನೂ ಬಿಟ್ಟಿದ್ದೆ.

"ಕಳಸಕ್ಕೆ ಬೆನ್ನಾಕ್ಕಂಡು ಎಂಗ್ ಓಗದು?" ಅವ್ವ ತಡೆದಳು.

"ಗರ್ಭಗುಡಿಯಿಂದ ಬರುವಾಗ ಎಂಗ್ ಬತ್ತೀಯ? ಹಂಗೇ ಬಾ."

ದೇವರಿಗೆ ಬೆನ್ನು ತೋರಿಸದೆ ಹಿಂದಿಂದಕ್ಕೆ ಹೆಜ್ಜೆ ಇಟ್ಟು ಬರುವುದು ಅವಳ ಅಭ್ಯಾಸ. ಇಲ್ಲೂ ಹಾಗೇ ಮಾಡಿದಳು. ಕಳಶ ನೋಡುತ್ತ, ಹಿಮ್ಮುಖವಾಗಿ, ನನ್ನ ಎರಡೂ ಕೈ ಹಿಡಿದುಕೊಂಡು. ಎದುರಿಗೆ ಬಂದ ಕಾಲೇಜು ಹುಡುಗಿಯರು ಮೊಬೈಲು ತೆಗೆದರು. "ತಕ್ಕಳಿ, ತಕ್ಕಳಿ, ಚೆನ್ನಾಗ್ ಬರ್ಲಿ," ಅಂದಳು ಅವ್ವ, ಹೆಜ್ಜೆ ನಿಲ್ಲಿಸದೆ.

ಆ ಓಣಿ ಬೇಲಿಯವರೆಗೂ ಹೋಗಿ, ಬೇಲಿ ಹಿಡಿದು ದೂರ ನಡೆದು, ಥಟ್ಟನೆ ಒಳಕ್ಕೆ ತಿರುಗಿತು. ಮತ್ತೊಂದು ತಿರುವು. ಎದುರಿಗೇ ಗೋಪುರದ ಮೆಟ್ಟಿಲು.

ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಹತ್ತಿದಳು. ನಾನು ಕೈ ಕೊಡಲು ಹೋದರೆ ಕೊಡವಿದಳು. ಮೇಲೆ ಗಾಳಿಯಿತ್ತು. ಕೆಳಗೆ ಓಣಿಗಳೆಲ್ಲ ಕಾಣುತ್ತಿದ್ದವು. ಅದರಾಚೆ ನಾಲೆ, ಕಬ್ಬು, ರಸ್ತೆಯಲ್ಲಿ ಹೋಗುತ್ತಿದ್ದ ಕೆಂಪು ಬಸ್ಸು.

ಅತ್ತಿಗೆ, ಮಕ್ಕಳು ಯಾವಾಗಲೋ ಹೊರಗೆ ಹೋಗಿದ್ದರು. ಅಣ್ಣ ಎದ್ದು ನಿಂತು ಕೈ ಬೀಸಿ ಕೂಗಿದ, "ಅವ್ವಾ, ಹತ್ತಿದ್ದಾಯ್ತಲ್ಲ, ಇಳೀರಿ! ಮಕ್ಳು ಹಸ್ಕಂಡವೆ!"

ನಾನು ಅವ್ವನ ಕಡೆ ನೋಡಿದೆ. ಅವಳು ಕಟ್ಟೆಯ ಮೇಲೆ ನಿಧಾನವಾಗಿ ಕೂತು, ಮಂಡಿ ನೀವಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೂಗ್ಲಿ ಬುಡು," ಅಂದಳು. "ಈಗಿನ್ನೂ ಬಂದಿವ್ನಿ. ಅಲ್ ಕಾಣ್ತಾ ಇರದು ಯಾವೂರ್ ನಾಲೆ, ಹೇಳು."